ನಳಿಗೆ ಬಾಗದ ಕೋವಿ: ಫ್ರಾನ್ಸಿನ ಜಾರು-ಬ್ರೀಚ್ ಬಂದೂಕುಗಳ ಚರಿತ್ರೆ ಮತ್ತು ಗುಣ

ಕೊಡಗಿನಲ್ಲೋ ಮಲೆನಾಡಿನಲ್ಲೋ ಮನೆಯ ಗೋಡೆಗೆ ತೂಗುಹಾಕಿದ ಜೋಡುನಳಿಗೆಯ ತೋಟಾ ಕೋವಿಯನ್ನು ಕಂಡವರಿಗೆ ಅದನ್ನು ತೆರೆಯುವ ಬಗೆಯೂ ಗೊತ್ತಿರುತ್ತದೆ. ಹೆಬ್ಬೆರಳಿನಿಂದ ಮೇಲಿನ ಸನ್ನೆಯನ್ನು ಪಕ್ಕಕ್ಕೆ ತಳ್ಳಿದರೆ ನಳಿಗೆಗಳ ಹಿಂಬದಿ ಮೇಲೆದ್ದು, ಮೂತಿ ಕೆಳಗೆ ಬಾಗುತ್ತದೆ; ತೋಟಾಗಳನ್ನು ಇಳಿಸಿ, ನಳಿಗೆಯನ್ನು ಎತ್ತಿ ಮುಚ್ಚಿದರೆ ಕೋವಿ ಸಿದ್ಧ. ಜಗತ್ತಿನ ಜೋಡುನಳಿಗೆ ಕೋವಿಗಳಲ್ಲಿ ಬಹುಪಾಲು ಹೀಗೆಯೇ ಕೆಲಸ ಮಾಡುತ್ತವೆ, ಮತ್ತು ನೂರೈವತ್ತು ವರ್ಷಗಳಿಂದ ಇದಕ್ಕಿಂತ ಬೇರೆ ದಾರಿ ಬೇಕೆಂದು ಹೆಚ್ಚಿನವರಿಗೆ ಅನ್ನಿಸಿಲ್ಲ. ಅನ್ನಿಸಿದ ಕೆಲವರಲ್ಲಿ ಮುಖ್ಯನಾದವನು ಫ್ರಾನ್ಸಿನ ಸೇಂತ್-ಎತಿಯೆನ್ ಊರಿನ ರೆಜಿಸ್ ಡಾರ್ನ್. ಅವನ ಕೋವಿಯಲ್ಲಿ ನಳಿಗೆಗಳು ಅಲುಗುವುದೇ ಇಲ್ಲ. ಅವುಗಳ ಬೆನ್ನಿಗಿರುವ ಉಕ್ಕಿನ ಗಟ್ಟಿ ತುಂಡು, ಅಂದರೆ ಬ್ರೀಚ್, ಹಳಿಯ ಮೇಲೆ ಹಿಂದಕ್ಕೆ ಜಾರಿ, ತೋಟಾಕ್ಕೆ ದಾರಿ ಬಿಟ್ಟು, ಮತ್ತೆ ಮುಂದಕ್ಕೆ ಜಾರಿ ಮುಚ್ಚಿಕೊಳ್ಳುತ್ತದೆ.

ಈ ವ್ಯತ್ಯಾಸ ಬರಿಯ ವಿಚಿತ್ರಾಭಿರುಚಿಯದಲ್ಲ. ಬಾಗುವ ಕೋವಿಯಲ್ಲಿ ನಿಜವಾಗಿಯೂ ಇರುವ ಒಂದು ದೌರ್ಬಲ್ಯಕ್ಕೆ ಇದು ಕೊಟ್ಟ ಉತ್ತರ. ಹಾಗಾಗಿ ಮೊದಲು ಆ ದೌರ್ಬಲ್ಯವೇನೆಂದು ನೋಡಬೇಕು.

ಹನ್ನೆರಡು ಬೋರಿನ (ಬೋರು ಎಂದರೆ ನಳಿಗೆಯ ಅಗಲದ ಅಳತೆ; ಅಂಕಿ ಹೆಚ್ಚಿದಷ್ಟೂ ನಳಿಗೆ ಕಿರಿದು) ಸಾಧಾರಣ ತೋಟಾ ಸಿಡಿದಾಗ ಉಂಟಾಗಬಹುದಾದ ಒತ್ತಡಕ್ಕೆ ಸಿ.ಐ.ಪಿ. ಎಂಬ ಅಂತರರಾಷ್ಟ್ರೀಯ ಆಯೋಗ ಇಂದು ಇಟ್ಟಿರುವ ಮಿತಿ 740 ಬಾರ್, ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 750 ಕಿಲೋಗ್ರಾಮಿನ ಭಾರ. ತೋಟಾದ ಬುಡದ ವ್ಯಾಸ ಸುಮಾರು ಎರಡು ಸೆಂಟಿಮೀಟರ್; ಅಂದರೆ ಅದರ ವಿಸ್ತೀರ್ಣ ಮೂರು ಚದರ ಸೆಂಟಿಮೀಟರಿಗಿಂತ ತುಸು ಹೆಚ್ಚು. ಎರಡನ್ನೂ ಗುಣಿಸಿದರೆ, ಆ ಮಿತಿಯ ಹತ್ತಿರ ಬಂದ ತೋಟಾವೊಂದು ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಹೊತ್ತು ಬ್ರೀಚನ್ನು ಎರಡು ಟನ್ನಿಗೂ ಮೀರಿದ ಬಲದಿಂದ ಹಿಂದಕ್ಕೆ ನೂಕಬಲ್ಲದು ಎಂದಾಗುತ್ತದೆ. ತೋಟಾದ ಗೋಡೆ ಹಿಗ್ಗಿ ಚೇಂಬರಿಗೆ, ಅಂದರೆ ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಗೂಡಿಗೆ, ಕಚ್ಚಿಕೊಳ್ಳುವುದರಿಂದ ಇದರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ, ನಿಜ. ಆದರೂ ಉಳಿಯುವ ಬಲ ಸಣ್ಣದೇನಲ್ಲ. ಬಾಗುವ ಕೋವಿಯಲ್ಲಿ ಈ ಬಲವನ್ನು ಹೊರುವ ಕೀಲು ನಳಿಗೆಯ ನೇರದಲ್ಲಿಲ್ಲ, ಅದರ ಕೆಳಗಿದೆ. ನೂಕು ಮೇಲಿನಿಂದ, ಹಿಡಿತ ಕೆಳಗಿನಿಂದ. ಇದರ ಫಲವಾಗಿ ಪ್ರತಿಯೊಂದು ಈಡಿಗೂ ಬ್ರೀಚಿನ ನೆಟ್ಟನೆಯ ಮುಖ ಕೂದಲೆಳೆಯಷ್ಟು ಹಿಂದಕ್ಕೆ ಮಣಿಯುತ್ತದೆ, ನಳಿಗೆಗೂ ಅದಕ್ಕೂ ನಡುವೆ ಕಣ್ಣಿಗೆ ಕಾಣದ ಬಾಯಿ ಬಿಡುತ್ತದೆ, ಮತ್ತೆ ಮುಚ್ಚಿಕೊಳ್ಳುತ್ತದೆ. ಉಕ್ಕು ಒಳ್ಳೆಯದಿದ್ದು, ಕೆಲಸಗಾರ ಚೆನ್ನಾಗಿ ಕೂಡಿಸಿದ್ದರೆ ಇದು ತಲೆಮಾರುಗಟ್ಟಲೆ ನಡೆಯುತ್ತದೆ. ಆದರೆ ದಿನಕ್ಕೆ ಹತ್ತಾರು ಬಾರಿ ತಿರುಗಿ ಸವೆಯುವ ಕೀಲೂ ಅದೇ, ಸಿಡಿತದ ಭಾರ ಹೊರುವ ಕೀಲೂ ಅದೇ. ಹಳೆಯ ಅಡಕತ್ತರಿಯ ಮೊಳೆ ಸಡಿಲವಾದರೆ ಅಲಗುಗಳು ಒಂದಕ್ಕೊಂದು ಕೂಡದೆ ಹೋಗುವಂತೆ, ಇಲ್ಲಿಯೂ ಕೀಲು ಸವೆದ ಮೇಲೆ ನಳಿಗೆ ಬ್ರೀಚಿಗೆ ಕೂತುಕೊಳ್ಳದೆ ಅಲ್ಲಾಡತೊಡಗುತ್ತದೆ.

ಇಂಗ್ಲಿಷ್ ಕೋವಿಗಾರರಿಗೆ ಈ ಸಂಗತಿ ತಿಳಿದಿತ್ತು. ನಳಿಗೆಯ ಕೆಳಗಿನ ಗಡ್ಡೆಗಳನ್ನು ಜಾರುವ ಅಗುಳಿಯಿಂದ ಹಿಡಿಯುವ ಪರ್ಡಿಯ 1863ರ ಪೇಟೆಂಟು, ನಳಿಗೆಗಳ ನಡುವಿನ ಪಟ್ಟಿಯನ್ನು ಹಿಂದಕ್ಕೆ ಚಾಚಿ ಬ್ರೀಚಿನೊಳಗೆ ಕೂರಿಸಿದ ವೆಸ್ಟ್ಲಿ ರಿಚರ್ಡ್ಸ್‌ನ ಉಪಾಯ, ಆ ಚಾಚಿನ ಮೂಲಕ ಅಡ್ಡಲಾಗಿ ಅಗುಳಿ ಹೊಡೆಯುವ ಗ್ರೀನರ್‌ನ ಉಪಾಯ, ಇವೆಲ್ಲವೂ ಬಾಯಿ ಬಿಡುವ ಆ ಮೂಲೆಯನ್ನು ಬಿಗಿಯಾಗಿ ಕಟ್ಟಿಹಾಕುವ ಯತ್ನಗಳು. ಇವು ಯಶಸ್ವಿಯಾದವು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಗಮನಿಸಬೇಕಾದ ಮಾತೆಂದರೆ, ಇವರೆಲ್ಲ ಕೀಲನ್ನು ಉಳಿಸಿಕೊಂಡೇ ಅದಕ್ಕೆ ಊರುಗೋಲು ಕೊಟ್ಟರು. ಡಾರ್ನ್ ಕೀಲನ್ನೇ ತೆಗೆದುಹಾಕಿದ.

ತಮಾಷೆಯೆಂದರೆ ಬಾಗುವ ಕೋವಿಯೂ ಫ್ರಾನ್ಸಿನದೇ ಕೂಸು. ಸ್ವಿಟ್ಜರ್ಲೆಂಡಿನಿಂದ ಬಂದು ಪ್ಯಾರಿಸ್ಸಿನಲ್ಲಿ ನೆಲೆಸಿದ ಜಾನ್ ಸಾಮ್ಯುಯೆಲ್ ಪೌಲಿ 1812ರಲ್ಲಿಯೇ ಹಿಂದಿನಿಂದ ತುಂಬುವ, ಬುಡದ ನಡುವೆ ಕಿಡಿಮದ್ದು ಹೊತ್ತ ತೋಟಾ ಬಳಸುವ ಬಂದೂಕಿಗೆ ಪೇಟೆಂಟು ಪಡೆದಿದ್ದ. ಅದು ಕಾಲಕ್ಕಿಂತ ಬಹಳ ಮುಂದಿತ್ತು, ಹಾಗಾಗಿ ಮೂಲೆಗುಂಪಾಯಿತು. ಬಾಗುವ ನಳಿಗೆಯನ್ನು ಬಳಕೆಗೆ ತಂದವನು 1830ರ ದಶಕದಲ್ಲಿ ಕಸಿಮಿರ್ ಲಫೋಷೂ. 1846ರಲ್ಲಿ ಊಯಿಯೆ ಎಂಬ ಮತ್ತೊಬ್ಬ ಪ್ಯಾರಿಸ್ ಕೋವಿಗಾರ, ಸಿಡಿದಾಗ ತಾನೇ ಹಿಗ್ಗಿ ಅನಿಲವನ್ನು ತಡೆಹಿಡಿಯುವ ಲೋಹದ ಬುಡದ ತೋಟಾವನ್ನು ಮುಂದಿಟ್ಟ ಮೇಲೆ ಆ ವ್ಯವಸ್ಥೆಗೆ ನಿಜವಾದ ಜೀವ ಬಂತು. ಲಫೋಷೂವಿನ ಕೋವಿ 1851ರ ಲಂಡನ್ ಮಹಾಪ್ರದರ್ಶನದಲ್ಲಿ ಕಾಣಿಸಿಕೊಂಡಿತು. ಅಲ್ಲಿಂದ ಮುಂದೆ ಇಂಗ್ಲಿಷರು ಅದನ್ನು ಎತ್ತಿಕೊಂಡು ತಿದ್ದಿ ತೀಡಿ, ಕೊನೆಗೆ ತಮ್ಮದೇ ಎನ್ನುವಷ್ಟು ಪರಿಷ್ಕರಿಸಿದರು. ಫ್ರಾನ್ಸಿನಲ್ಲಿ ಮಾತ್ರ, ಮತ್ತು ಪಕ್ಕದ ಬೆಲ್ಜಿಯಮಿನ ಲಿಯೇಜ್‌ನಲ್ಲಿ, ತೋಟಾ ತುಂಬಲು ಇನ್ನೇನು ದಾರಿಯಿದೆ ಎಂಬ ಹುಡುಕಾಟ ನಿಲ್ಲಲಿಲ್ಲ. ನಳಿಗೆಗಳನ್ನು ಮುಂದಕ್ಕೆ ಜಾರಿಸುವ ಕೋವಿಗಳು, ಪಕ್ಕಕ್ಕೆ ತಿರುಗಿಸುವ ಕೋವಿಗಳು, ಬ್ರೀಚನ್ನು ಮೇಲಕ್ಕೆ ಎತ್ತುವ ಕೋವಿಗಳು ಎಲ್ಲವೂ ಮುಂದಿನ ಐದು ದಶಕಗಳಲ್ಲಿ ಬಂದು ಹೋದವು. ಬಹುತೇಕ ಇಂದು ವಸ್ತುಸಂಗ್ರಹಾಲಯದ ಗಾಜಿನ ಹಿಂದಿವೆ. ಡಾರ್ನ್‌ನದು ಮಾತ್ರ ನೂರು ವರ್ಷ ದಾಟಿ ಕೆಲಸ ಮಾಡುತ್ತಿದೆ.

ಸೇಂತ್-ಎತಿಯೆನ್ ಎಂಥ ಊರು ಎಂಬುದು ತಿಳಿಯದೆ ಈ ಕೋವಿ ಅರ್ಥವಾಗುವುದಿಲ್ಲ. ಲ್ಯೋನ್ ನಗರದ ನೈರುತ್ಯಕ್ಕೆ, ಗುಡ್ಡಗಳ ನಡುವೆ ಇರುವ ಈ ಊರಿಗೆ ನೆಲದಡಿಯ ಕಲ್ಲಿದ್ದಲೂ ಫ್ಯುರಾನ್ ಎಂಬ ಹೊಳೆಯ ನೀರೂ ಬಂಡವಾಳ. 1764ರಲ್ಲಿ ಇಲ್ಲಿ ರಾಜಾಜ್ಞೆಯ ಶಸ್ತ್ರಾಗಾರ ಸ್ಥಾಪನೆಯಾಯಿತು; ಕ್ರಾಂತಿಯ ಕಾಲದಲ್ಲಿ ಸಂತನ ಹೆಸರು ಬೇಡವೆಂದು ಊರನ್ನೇ ಕೆಲಕಾಲ 'ಆರ್ಮ್‌ವಿಲ್' ಎಂದು, ಅಂದರೆ ಶಸ್ತ್ರಪುರಿಯೆಂದು ಕರೆದದ್ದೂ ಉಂಟು. ಕಲ್ಲಿದ್ದಲು ಸಾಗಿಸಲು ಫ್ರಾನ್ಸಿನ ಮೊತ್ತಮೊದಲ ರೈಲುಮಾರ್ಗ 1827ರಲ್ಲಿ ತೆರೆದದ್ದು ಇಲ್ಲಿಂದಲೇ. ರೇಷ್ಮೆಯ ರಿಬ್ಬನ್ ನೇಯುವವರು, ಸೈಕಲ್ ಮಾಡುವವರು, ಕೋವಿ ಮಾಡುವವರು ಒಂದೇ ಬೀದಿಯಲ್ಲಿ ಬದುಕಿದ ಊರು ಇದು. ಇಂದಿಗೂ ಅಲ್ಲಿನ ಕಲೆ ಮತ್ತು ಕೈಗಾರಿಕೆಗಳ ವಸ್ತುಸಂಗ್ರಹಾಲಯದ ಮೂರು ಸಂಗ್ರಹಗಳು ರಿಬ್ಬನ್, ಸೈಕಲ್, ಶಸ್ತ್ರ. ನಳಿಗೆಯವನು ಒಬ್ಬ, ಬೀಗ ಕೂಡಿಸುವವನು ಇನ್ನೊಬ್ಬ, ಮರದ ಹಿಡಿ ಕೆತ್ತುವವನು ಮತ್ತೊಬ್ಬ, ಹೀಗೆ ಕೆಲಸ ಮನೆಮನೆಗೆ ಹಂಚಿಹೋಗಿತ್ತು. 1885ರ ಆಗಸ್ಟ್ 14ರ ಕಾನೂನು ಶಸ್ತ್ರಗಳ ತಯಾರಿಕೆಯನ್ನೂ ವ್ಯಾಪಾರವನ್ನೂ ಖಾಸಗಿಯವರಿಗೆ ಮುಕ್ತಗೊಳಿಸಿದ ಮೇಲೆ ಊರಿನಲ್ಲಿ ಹೊಸ ಹುರುಪು ಬಂತು. ಎತಿಯೆನ್ ಮಿಮಾರ್ ಮತ್ತು ಪಿಯೆರ್ ಬ್ಲಾಶೋನ್ ಅದೇ ವರ್ಷ ಕಟ್ಟಿದ, ಮುಂದೆ ಮಾನ್ಯುಫ್ರಾನ್ಸ್ ಎಂದು ಹೆಸರಾದ ಸಂಸ್ಥೆ ಕೋವಿಯಿಂದ ಹೊಲಿಗೆಯಂತ್ರದವರೆಗೆ ಎಲ್ಲವನ್ನೂ ಅಂಚೆಯ ಮೂಲಕ ಮಾರತೊಡಗಿತು.

ಡಾರ್ನ್ ಸಂಸ್ಥೆಯ ಆರಂಭವನ್ನು 1881ರಿಂದ ಎಣಿಸುತ್ತಾರೆ. ರೆಜಿಸ್ ಡಾರ್ನ್ ಮೊದಲಿನಿಂದಲೂ ಹಿಡಿದ ಹಟ ಒಂದೇ: ನಳಿಗೆ ಸ್ಥಿರವಾಗಿರಬೇಕು. ಮೊದಲು ಬ್ರೀಚನ್ನು ತಿರುಗಿಸಿ ತೆರೆಯುವ ಬಗೆಗಳನ್ನು ಪ್ರಯತ್ನಿಸಿ, 1894ರಲ್ಲಿ ಜಾರುವ ಬ್ರೀಚಿಗೆ ಬಂದು ನಿಂತ. ಅವನ ಇನ್ನೊಂದು ಹಟ ಯಂತ್ರಗಳ ಮೇಲಿನ ನಂಬಿಕೆ. ಮನೆಮನೆಯ ಅರದ ಕೆಲಸವನ್ನು ಆದಷ್ಟು ಕಡಿಮೆ ಮಾಡಿ, ಬಿಡಿಭಾಗಗಳನ್ನು ಯಂತ್ರದಲ್ಲಿ ಕೊರೆದು, ಒಂದೇ ಛಾವಣಿಯ ಕೆಳಗೆ ಕೋವಿ ಮಾಡಬೇಕೆಂಬುದು ಅವನ ಯೋಜನೆಯಾಗಿತ್ತು. ಬ್ರೀಚು ಹಳಿಯ ಮೇಲೆ ಓಡುವ ವಿನ್ಯಾಸಕ್ಕೂ ಈ ಯೋಜನೆಗೂ ಒಳಸಂಬಂಧವಿದೆ: ವಕ್ರವಾದ ಕೀಲುಮುಖಗಳನ್ನು, ಎಲ್ಲಿ ತಾಗುತ್ತದೆಂದು ತಿಳಿಯಲು ಹೊಗೆಮಸಿ ಹಚ್ಚಿ, ಉಜ್ಜಿ, ಮತ್ತೆ ಹಚ್ಚಿ ಕೂಡಿಸಲು ನುರಿತ ಕೈ ಬೇಕು, ನೇರವಾದ ಹಳಿಯನ್ನು ಯಂತ್ರ ಕೊರೆಯಬಲ್ಲದು.

ಈಗ ಕೋವಿಯನ್ನೇ ಹತ್ತಿರದಿಂದ ನೋಡೋಣ. ಮುಚ್ಚಿದ ಡಾರ್ನ್ ಕೋವಿಯನ್ನು ಪಕ್ಕದಿಂದ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಅದರ ತೆಳುವಾದ, ಉದ್ದನೆಯ ಮೈ. ಬಾಗುವ ಕೋವಿಯ ಆಳವಾದ ಉಕ್ಕಿನ ಪೆಟ್ಟಿಗೆ ಇಲ್ಲಿಲ್ಲ. ಬ್ರೀಚಿನ ಬೆನ್ನ ಮೇಲೆ ಒಂದು ಸನ್ನೆ ಒರಗಿಕೊಂಡಿದೆ, ಅದರ ಹಿಂದಿನ ತುದಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಗುಂಡನೆಯ ಕಿವಿಗಳು. ಆ ಕಿವಿಗಳನ್ನು ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ಹಿಡಿದು ಎತ್ತಿ ಹಿಂದಕ್ಕೆ ಎಳೆಯಬೇಕು. ಎತ್ತಿದಾಗ ಒಳಗಿನ ಅಗುಳಿ ಬಿಡುತ್ತದೆ. ಎಳೆದಾಗ ಬ್ರೀಚು ಮರದ ಹಿಡಿಯ ಕತ್ತಿನ ಮೇಲೆ, ತೋಟಾ ಇಡಲು ಬೇಕಾದಷ್ಟು ದೂರ, ಹಿಂದೆ ಸರಿಯುತ್ತದೆ. ಎರಡೂ ಚಲನೆ ಸೇರಿ ಕೈಗೆ ಒಂದೇ ಚಲನೆಯಾಗಿ ಅನುಭವಕ್ಕೆ ಬರುತ್ತದೆ. ನಳಿಗೆಗಳ ಹಿಂಬಾಯಿ ಈಗ ತೆರೆದಿದೆ. ತೋಟಾಗಳನ್ನು ಇಟ್ಟು, ಬ್ರೀಚನ್ನು ಮುಂದಕ್ಕೆ ದೂಡಿ, ಸನ್ನೆಯನ್ನು ಅಂಗೈಯಿಂದ ಕೆಳಗೆ ಒತ್ತಿದರೆ ಮುಗಿಯಿತು.

ಈ ಕೊನೆಯ ಒತ್ತಿನಲ್ಲಿಯೇ ಯಂತ್ರದ ಜಾಣ್ಮೆ ಇರುವುದು. ಸನ್ನೆ ಕೆಳಗಿಳಿಯುತ್ತಿದ್ದಂತೆ ಅದರ ಒಳಗಿನ ಜೋಡಣೆ ಅಗುಳಿಯನ್ನು ಚೌಕಟ್ಟಿನ ಗೂಡಿನೊಳಗೆ ಇಳಿಸುತ್ತದೆ, ಮತ್ತು ಬ್ರೀಚನ್ನು ಕೊನೆಯ ಎಳೆಯಷ್ಟು ದೂರ ಬೆಣೆ ಹೊಡೆದ ಬಲದಲ್ಲಿ ನಳಿಗೆಗೆ ಅದುಮುತ್ತದೆ. ಅಂಗೈಯ ಸಣ್ಣ ಬಲ ಇಲ್ಲಿ ಹಲವು ಪಟ್ಟಾಗುತ್ತದೆ. ಇದರಿಂದ ಎರಡು ಲಾಭ. ಮಳೆಗೆ ತೇವ ಹಿಡಿದು ಉಬ್ಬಿದ ಕಾಗದದ ತೋಟಾ, ಬಾಗುವ ಕೋವಿಯಲ್ಲಾದರೆ ಪೂರ್ತಿ ಕೂರದೆ ನಳಿಗೆ ಮುಚ್ಚಗೊಡುವುದಿಲ್ಲ. ಡಾರ್ನ್ ಅದನ್ನು ದೂಡಿಕೊಂಡು ಮುಚ್ಚುತ್ತದೆ. ತೆರೆಯುವಾಗ ಅದೇ ಬಲ ತಿರುಗುಮುರುಗಾಗಿ ಕೆಲಸ ಮಾಡಿ, ಸಿಡಿದ ಮೇಲೆ ಚೇಂಬರಿಗೆ ಅಂಟಿಕೊಂಡ ಖಾಲಿ ತೋಟಾವನ್ನು ಅಂಚು ಹಿಡಿದು ನೇರವಾಗಿ ಹಿಂದಕ್ಕೆ ಎಳೆಯುತ್ತದೆ. ಬಾಗುವ ಕೋವಿ ಹೊರತಳ್ಳುವುದು ಕೆಲವೇ ಮಿಲಿಮೀಟರು, ಅದೂ ನಳಿಗೆ ಬಾಗುವಾಗ ಸಿಗುವ ಅಲ್ಪ ಬಲದಲ್ಲಿ. ಉಳಿದದ್ದು ಬೆರಳಿನ ಇಲ್ಲವೇ ಸ್ಪ್ರಿಂಗಿನ ಪಾಲು.

ಸಿಡಿತದ ಬಲ ಈ ವಿನ್ಯಾಸದಲ್ಲಿ ಮಾಯವಾಗುತ್ತದೆ ಎಂದು ಕೆಲವು ಅಭಿಮಾನಿಗಳು ಮಾತನಾಡುವುದುಂಟು. ಬಲ ಎಲ್ಲಿಯೂ ಹೋಗುವುದಿಲ್ಲ. ಹೊರುವ ಜಾಗ ಬದಲಾಗುತ್ತದೆ ಅಷ್ಟೆ. ಇಲ್ಲಿ ನಳಿಗೆ ಚೌಕಟ್ಟಿಗೆ ಕೂತಿರುವ ಜಾಗ ತೋಟಾ ತುಂಬುವಾಗ ಕದಲುವುದಿಲ್ಲ, ಸಾಗಿಸಲೋ ಒರೆಸಲೋ ಬಿಚ್ಚಿದಾಗ ಮಾತ್ರ ಕದಲುತ್ತದೆ. ಆದ್ದರಿಂದ ಅದು ಸವೆಯಲು ಕಾರಣವೇ ಕಡಿಮೆ. ಓಡಾಡಿ ಸವೆಯುವುದು ಬ್ರೀಚು ಮತ್ತು ಹಳಿ, ಆದರೆ ಹಳಿಯ ಕೆಲಸ ದಾರಿ ತೋರಿಸುವುದೇ ಹೊರತು ಭಾರ ತಡೆಯುವುದಲ್ಲ. ಭಾರ ತಡೆಯುವ ಅಗುಳಿಯ ಮುಖ ತುಸು ಸವೆದರೂ ಬೆಣೆಯ ಒತ್ತು ಆ ಸಡಿಲನ್ನು ನುಂಗಿಕೊಳ್ಳುತ್ತದೆ. ಚಲಿಸುವ ಕೀಲನ್ನೂ ಹೊರುವ ಕೀಲನ್ನೂ ಬೇರ್ಪಡಿಸಿದ್ದು, ನನ್ನ ದೃಷ್ಟಿಯಲ್ಲಿ, ಡಾರ್ನ್‌ನ ನಿಜವಾದ ಆವಿಷ್ಕಾರ. ಜಾರುವುದು ಅದಕ್ಕೆ ಸಾಧನ ಮಾತ್ರ. ಎಪ್ಪತ್ತು ಎಂಬತ್ತು ವರ್ಷ ದುಡಿದ ಡಾರ್ನ್‌ಗಳು ಇಂದಿಗೂ ಬಿಗಿಯಾಗಿ ಮುಚ್ಚಿಕೊಳ್ಳುತ್ತಿದ್ದರೆ ಅದರ ಗುಟ್ಟು ಇಲ್ಲಿದೆ.

ಬ್ರೀಚಿನ ಮುಖವನ್ನು ನೋಡಿದರೆ ಇನ್ನೊಂದು ವಿಶೇಷ ಕಾಣುತ್ತದೆ. ಅದು ಸಪಾಟಾಗಿಲ್ಲ. ಎರಡು ದುಂಡನೆಯ ಬಿಲ್ಲೆಗಳು ಮುಂದಕ್ಕೆ ಉಬ್ಬಿಕೊಂಡಿದ್ದು, ಮುಚ್ಚಿದಾಗ ಅವು ನಳಿಗೆಗಳ ಹಿಂಬಾಯಿಯೊಳಗೆ ಹೊಕ್ಕು ತೋಟಾದ ಬುಡಕ್ಕೆ ಒತ್ತಿ ನಿಲ್ಲುತ್ತವೆ. ಫ್ರೆಂಚರು ಇವನ್ನು ಅನಿಲ ತಡೆಯುವ ಬಿಲ್ಲೆಗಳೆಂದೇ ಕರೆದರು. ಬಾಗುವ ಕೋವಿಯಲ್ಲಿ ನಳಿಗೆಯ ಅಂಚೂ ಬ್ರೀಚಿನ ಮುಖವೂ ಎರಡು ಹಲಗೆಗಳು ಎದುರುಬದುರು ಕೂಡಿದಂತೆ ಸೇರುತ್ತವೆ; ತೋಟಾದ ಬುಡ ಒಡೆದರೆ ಅನಿಲ ಆ ಸಂದಿನಿಂದ ಪಕ್ಕಕ್ಕೆ ಚಿಮ್ಮಬಹುದು. ಇಲ್ಲಿ ಸಂದು ಮೂಲೆ ತಿರುಗಿ ಒಳಗೆ ಹೋಗುತ್ತದೆ. ಇದನ್ನು ಅದರ ಕಾಲದಲ್ಲಿಟ್ಟು ನೋಡಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ತೋಟಾಗಳ ಮೈ ಕಾಗದ, ಬುಡ ತೆಳು ಹಿತ್ತಾಳೆ. ಹೊಗೆರಹಿತ ಮದ್ದು ಆಗತಾನೆ ಬಳಕೆಗೆ ಬಂದಿತ್ತು, ಮನೆಯಲ್ಲಿ ತೋಟಾ ತುಂಬಿಕೊಳ್ಳುವವರು ಹಳೆಯ ಕರಿಮದ್ದಿನ ಅಳತೆಯಲ್ಲಿ ಹೊಸ ಮದ್ದನ್ನು ಸುರಿದು ಕಣ್ಣು ಕಳೆದುಕೊಳ್ಳುವ ಅಪಾಯ ನಿಜವಾದದ್ದಾಗಿತ್ತು. ಆಗ ಆ ಬಿಲ್ಲೆಗಳಿಗೆ ಬೆಲೆಯಿತ್ತು. ಇಂದಿನ ಪ್ಲಾಸ್ಟಿಕ್ ತೋಟಾಗಳ ಬುಡ ಒಡೆಯುವುದು ಅಪರೂಪ. ಹಾಗಾಗಿ ಈ ಗುಣವನ್ನು ಈಗಲೂ ಮೊದಲ ಸಾಲಿನಲ್ಲಿಟ್ಟು ಹೊಗಳುವುದು ಸ್ವಲ್ಪ ಅತಿಯೇ ಸರಿ.

ತೂಕದ ಮಾತು ಹಾಗಲ್ಲ. ಅದು ಇಂದಿಗೂ ಕೈಗೆ ತಿಳಿಯುವ ಗುಣ. ಹನ್ನೆರಡು ಬೋರಿನ ಇಂಗ್ಲಿಷ್ ಕೋವಿ ಸಾಮಾನ್ಯವಾಗಿ ಮೂರು ಕಿಲೋಗ್ರಾಮಿನ ಆಸುಪಾಸು ತೂಗಿದರೆ, ಅದೇ ಬೋರಿನ ಡಾರ್ನ್‌ಗಳಲ್ಲಿ ಅನೇಕವು 2.7 ಕಿಲೋಗ್ರಾಮಿನ ಹತ್ತಿರ, ಕೆಲವು ಅದಕ್ಕೂ ಕಡಿಮೆ. ಹದಿನಾರು ಬೋರಿನವು ಇನ್ನೂ ಹಗುರ. ಆಳವಾದ ಪೆಟ್ಟಿಗೆ ಬೇಡವಾದ್ದರಿಂದ ಉಕ್ಕು ಉಳಿಯಿತು; ಕೆಲವು ಮಾದರಿಗಳಲ್ಲಿ ನಳಿಗೆಗಳ ಮೇಲಿನ ಪಟ್ಟಿಯನ್ನು ಅರ್ಧ ದಾರಿಯಲ್ಲೇ ಇಳಿಸಿ ನಿಲ್ಲಿಸಿ, ಮುಂದಿನ ಭಾಗವನ್ನು ಬರಿದಾಗಿಯೇ ಬಿಟ್ಟರು. ಡಾರ್ನ್ ಸಂಸ್ಥೆ ಈ ಪಟ್ಟಿಗೆ ಗರಿ ಎಂಬರ್ಥದ 'ಪ್ಲ್ಯೂಮ್' ಎಂದು ಹೆಸರಿಟ್ಟಿತು. ಉಳಿದ ಭಾರದ ಬಹುಪಾಲು ಎರಡು ಕೈಗಳ ನಡುವೆಯೇ, ಬ್ರೀಚಿನಲ್ಲಿ, ಕೂಡಿಕೊಂಡಿರುವುದರಿಂದ ಕೋವಿ ಹೆಗಲಿಗೆ ಚುರುಕಾಗಿ ಏರುತ್ತದೆ. ಹಗುರದ ಬೆಲೆಯನ್ನು ಹೆಗಲು ತೆರುತ್ತದೆ ಎಂಬುದನ್ನೂ ಹೇಳಬೇಕು: ಅದೇ ತೋಟಾ, ಕಡಿಮೆ ತೂಕ, ಅಂದಮೇಲೆ ಒದೆತ ಹೆಚ್ಚು.

ಇಷ್ಟು ಹಗುರ ಏಕೆ ಬೇಕಿತ್ತು? ಉತ್ತರ ಫ್ರೆಂಚ್ ಸಮಾಜದಲ್ಲಿದೆ. 1789ರ ಆಗಸ್ಟ್ 4ರ ರಾತ್ರಿ ರಾಷ್ಟ್ರೀಯ ಸಭೆ ಶ್ರೀಮಂತ ಪಾಳೆಯಗಾರರ ವಿಶೇಷ ಹಕ್ಕುಗಳನ್ನು ರದ್ದು ಮಾಡಿದಾಗ ಬೇಟೆಯ ಏಕಸ್ವಾಮ್ಯವೂ ಅವುಗಳೊಂದಿಗೆ ಹೋಯಿತು. 1844ರ ಕಾನೂನು ಪರವಾನಗಿಯ ಪದ್ಧತಿ ತಂದಿತು. ಶುಲ್ಕ ಕಟ್ಟಿದ ರೈತನೂ ಅಂಗಡಿಯವನೂ ಶಾಲಾಮಾಸ್ತರನೂ ಬೇಟೆಗೆ ಹೋಗುವಂತಾಯಿತು. ಇಂಗ್ಲೆಂಡಿನ ಎಸ್ಟೇಟುಗಳಲ್ಲಿ ಯಜಮಾನ ಒಂದೇ ಕಡೆ ನಿಂತಿರುತ್ತಿದ್ದ, ಆಳುಗಳು ಹಕ್ಕಿಗಳನ್ನು ಅವನತ್ತ ಎಬ್ಬಿಸುತ್ತಿದ್ದರು, ಪಕ್ಕದಲ್ಲಿ ನಿಂತ ಸಹಾಯಕ ಎರಡನೆಯ ಕೋವಿಯನ್ನು ತುಂಬಿ ಕೊಡುತ್ತಿದ್ದ. ಅಲ್ಲಿ ಬೇಕಾದದ್ದು ತುಂಬುವ ವೇಗ ಮತ್ತು ಒದೆತ ನುಂಗುವ ತೂಕ. ಫ್ರಾನ್ಸಿನ ಬೇಟೆಗಾರ ಒಬ್ಬಂಟಿ. ನಾಯಿಯನ್ನು ಮುಂದೆ ಬಿಟ್ಟು ಪೊದೆ, ಹಳ್ಳ, ದ್ರಾಕ್ಷಿತೋಟದ ಸಾಲುಗಳಲ್ಲಿ ಇಡೀ ದಿನ ನಡೆದು, ಸಂಜೆಗೆ ಎರಡು ಮೂರು ಈಡು ಹಾರಿಸಿದರೆ ಹೆಚ್ಚು. ಅವನಿಗೆ ಒದೆತದ ಚಿಂತೆಗಿಂತ ಹೊರುವ ಚಿಂತೆ ದೊಡ್ಡದು. ಅದಕ್ಕೇ ಫ್ರೆಂಚ್ ಕೋವಿಗಳಲ್ಲಿ ಹೆಗಲಪಟ್ಟಿಯ ಬಳೆಗಳು ಅಷ್ಟು ಸಾಮಾನ್ಯ, ಹದಿನಾರು ಬೋರು ಅಷ್ಟು ಜನಪ್ರಿಯ. ಡಾರ್ನ್ ಈ ನಡೆಯುವ ಬೇಟೆಗಾರನಿಗಾಗಿ ಹುಟ್ಟಿದ ಕೋವಿ.

ಮಾದರಿಗಳ ವಿಚಾರ ಸಂಗ್ರಾಹಕರಿಗೆ ದೊಡ್ಡ ಪುರಾಣ, ಉಳಿದವರಿಗೆ ಸಂಕ್ಷೇಪ ಸಾಕು. ಎರಡು ಮುಖ್ಯ ವಂಶಗಳಿವೆ: ಮೊದಲು ಬಂದ, ಸರಳವಾದ 'ಆರ್' ಮತ್ತು ಇಪ್ಪತ್ತನೆಯ ಶತಮಾನದ ಮೊದಲ ದಶಕದ ಕೊನೆಗೆ ಬಂದ, ಹೆಚ್ಚು ನಯವಾದ 'ವಿ'. ಅಕ್ಷರದ ಮುಂದಿನ ಅಂಕಿ ಏರಿದಂತೆ ಮರ, ಕೆತ್ತನೆ, ಬೆಲೆ ಏರುತ್ತವೆ. ಆರ್-10, ಆರ್-11ರಂಥವು ಬರಿದಾದ ಉಕ್ಕಿನ ದುಡಿಮೆಯ ಕೋವಿಗಳಾದರೆ, ವಿ-19ರಿಂದ ವಿ-22ರವರೆಗಿನವು ಆಕ್ರೋಟಿನ ಮರವೂ ಸೂಕ್ಷ್ಮ ಕೆತ್ತನೆಯೂ ಉಳ್ಳ ಸಿರಿವಂತ ಕೋವಿಗಳು. ಇವುಗಳಿಗಿಂತ ಅಗ್ಗವಾಗಿ 'ಹ್ಯಾಲಿಫ್ಯಾಕ್ಸ್' ಎಂಬ ಹೆಸರಿನಲ್ಲೂ ಒಂದು ಮಾದರಿ ಮಾರಾಟವಾಯಿತು. ಅದೇ ಊರಿನ ಶಾರ್ಲಾಂ ಎಂಬ ತಯಾರಕನೂ ಜಾರುವ ಬ್ರೀಚಿನದೇ ಕೋವಿ ಮಾಡಿದ. ತತ್ತ್ವ ಒಂದೇ ಆದರೂ ಒಳಗಿನ ಜೋಡಣೆ ಬೇರೆ. ಹಳೆಯ ಜಾರು-ಬ್ರೀಚ್ ಕೋವಿ ಕಂಡೊಡನೆ ಡಾರ್ನ್ ಎಂದುಬಿಡುವವರು ನಳಿಗೆಯ ಮೇಲಿನ ಹೆಸರನ್ನು ಒಮ್ಮೆ ಓದುವುದು ಒಳ್ಳೆಯದು.

ಮೊದಲ ಮಹಾಯುದ್ಧದಲ್ಲಿ ಈ ಸಂಸ್ಥೆ ಲ್ಯೂಯಿಸ್ ಮೆಷಿನ್‌ಗನ್ನುಗಳನ್ನು ತಯಾರಿಸಿತು, ಆಮೇಲೆ ಕಡಿಮೆ ಖರ್ಚಿನಲ್ಲಿ ಬೇಗ ಮಾಡಬಹುದಾದ ತನ್ನದೇ ಮೆಷಿನ್‌ಗನ್ ರೂಪಿಸಿತು. ಯುದ್ಧಗಳ ನಡುವಿನ ವರ್ಷಗಳಲ್ಲಿ ಅದು ಫ್ರೆಂಚ್ ವಿಮಾನಗಳ ಮೇಲೂ ಕೂತಿತು. ಬೇಟೆಕೋವಿಯ ಕಥೆಗೆ ಇದು ಅಡ್ಡದಾರಿಯೇ ಆದರೂ, ಯಂತ್ರದಿಂದ ಮಾಡಬೇಕು ಎಂಬ ರೆಜಿಸ್ ಡಾರ್ನ್‌ನ ಹಟ ಯಾವ ಮಟ್ಟದ್ದೆಂದು ಇದರಿಂದ ತಿಳಿಯುತ್ತದೆ.

ಇಷ್ಟೆಲ್ಲ ಗುಣವಿದ್ದೂ ಈ ಕೋವಿ ಫ್ರಾನ್ಸಿನ ಗಡಿ ದಾಟಿ ಏಕೆ ಹರಡಲಿಲ್ಲ? ಅಮೆರಿಕಕ್ಕೆ ಹೋಯಿತು, ಅಲ್ಲಿನ ಕ್ಯಾಟಲಾಗುಗಳಲ್ಲಿ ಆರ್-11ಕ್ಕೆ 'ಬರ್ಡ್ ಹಂಟರ್', ಆರ್-15ಕ್ಕೆ 'ಫೆಸೆಂಟ್ ಹಂಟರ್' ಎಂಬ ಹೆಸರುಗಳು ಸಿಕ್ಕವು. ಆದರೆ ಗಿರಾಕಿಗಳು ಕೊನೆಯವರೆಗೂ ಕೆಲವರೇ. ಒಂದು ಕಾರಣ ಅಭ್ಯಾಸ. ಬಾಗುವ ಕೋವಿಯಲ್ಲಿ ತೋಟಾವನ್ನು ಮೇಲಿನಿಂದ ಬೀಳಿಸಿದರೆ ಸಾಕು, ಭೂಮಿಯೇ ಎಳೆದುಕೊಳ್ಳುತ್ತದೆ. ಡಾರ್ನ್‌ನಲ್ಲಿ ಬ್ರೀಚಿಗೂ ನಳಿಗೆಗೂ ನಡುವಿನ ಕಿರಿದಾದ ಸಂದಿಯಲ್ಲಿ ಬೆರಳಿಟ್ಟು ತೋಟಾವನ್ನು ಮುಂದಕ್ಕೆ ಕೂರಿಸಬೇಕು. ಚಳಿಗೆ ಮರಗಟ್ಟಿದ ಬೆರಳಿಗೆ, ಕೈಗವಸು ತೊಟ್ಟ ಕೈಗೆ ಇದು ಕಿರಿಕಿರಿ. ಸುರಕ್ಷತೆಯ ಸನ್ನೆಯೂ ಹೆಬ್ಬೆರಳು ತಾನಾಗಿ ಹೋಗುವ ಹಿಡಿಯ ಕತ್ತಿನ ಮೇಲಿಲ್ಲ, ಬ್ರೀಚಿನ ಪಕ್ಕದಲ್ಲಿದೆ; ಇಂಗ್ಲಿಷ್ ಕೋವಿಗೆ ಒಗ್ಗಿದವರು ಹಕ್ಕಿ ಹಾರಿದ ಗಳಿಗೆಯಲ್ಲಿ ಅದನ್ನು ಹುಡುಕುತ್ತಾರೆ. ಬಿಡಿಭಾಗಗಳೂ ಹೆಚ್ಚು ಸಂಕೀರ್ಣವಾದ್ದರಿಂದ ಕೆಟ್ಟರೆ ಊರ ಕೋವಿಗಾರನಿಂದ ದುರಸ್ತಿಯಾಗುವುದು ಕಷ್ಟ.

ನನಗೆ ಇವೆಲ್ಲಕ್ಕಿಂತ ಗಂಭೀರವಾಗಿ ಕಾಣುವ ಕೊರತೆಯ ಬಗ್ಗೆ ಹೆಚ್ಚು ಜನ ಮಾತನಾಡುವುದಿಲ್ಲ. ಬಾಗುವ ಕೋವಿ ತೆರೆದಿದ್ದರೆ ಐವತ್ತು ಮಾರು ದೂರದವನಿಗೂ ಅದು ನಡು ಮುರಿದಂತೆ ಬಾಗಿರುವುದು ಕಾಣುತ್ತದೆ. ಗುಂಪಿನಲ್ಲಿ ನಡೆಯುವಾಗ, ಬೇಲಿ ದಾಟುವಾಗ, ಇದಕ್ಕಿಂತ ನಂಬಿಕೆಯ ಸಂಕೇತ ಇನ್ನೊಂದಿಲ್ಲ. ತೆರೆದ ಡಾರ್ನ್ ದೂರಕ್ಕೆ ಮುಚ್ಚಿದ ಡಾರ್ನ್‌ನಂತೆಯೇ ಕಾಣುತ್ತದೆ. ನಳಿಗೆ ನೇರವಾಗಿಯೇ ಇದೆ, ಮೂತಿ ಯಾರತ್ತಲೋ ಇರಬಹುದು. ನಳಿಗೆ ಅಲುಗದಿರುವುದೇ ಗುಣವಾದ ಕಡೆ ಅದೇ ದೋಷವೂ ಆಗಿದೆ. ಪೊದೆಯ ಮರೆಯಲ್ಲೋ ಚಿಕ್ಕ ದೋಣಿಯಲ್ಲೋ ಕೂತು ನೀರುಹಕ್ಕಿಗೆ ಕಾಯುವವನಿಗೆ ನಳಿಗೆ ಬಾಗಿಸದೆ ತುಂಬಲಾಗುವುದು ವರವಾದರೆ, ಸಾಲಾಗಿ ನಡೆಯುವ ಹತ್ತು ಜನರ ಗುಂಪಿಗೆ ಅದು ಆತಂಕ.

ಇಪ್ಪತ್ತನೆಯ ಶತಮಾನದ ಕೊನೆಯ ಭಾಗ ಸೇಂತ್-ಎತಿಯೆನ್‌ಗೆ ಕೆಟ್ಟ ಕಾಲ. ಗಣಿಗಳು ಮುಚ್ಚಿದವು, ಇಟಲಿ ಮತ್ತು ಸ್ಪೇನಿನಿಂದ ಬಂದ ಅಗ್ಗದ ಕೋವಿಗಳೂ ಸ್ವಯಂಚಾಲಿತ ಒಂಟಿನಳಿಗೆಗಳೂ ಮಾರುಕಟ್ಟೆ ಹಿಡಿದವು. 1970ರ ದಶಕ ಮುಗಿಯುವ ಹೊತ್ತಿಗೆ ಡಾರ್ನ್ ಕಾರ್ಖಾನೆ ಬಾಗಿಲು ಹಾಕಿತು. ಊರಿನ ಹೆಮ್ಮೆಯಾಗಿದ್ದ ಮಾನ್ಯುಫ್ರಾನ್ಸ್ ಸಹ 1980ರ ದಶಕದಲ್ಲಿ ಕುಸಿಯಿತು. ಯಂತ್ರದಿಂದ ಕೋವಿ ಮಾಡುವೆನೆಂದು ಹೊರಟ ಸಂಸ್ಥೆಯ ವಿನ್ಯಾಸವನ್ನು ಕೊನೆಗೆ ಉಳಿಸಿದ್ದು ಕೈಕೆಲಸವೇ. ಡಾರ್ನ್‌ನಲ್ಲಿ ದುಡಿದಿದ್ದ ಪೋಲ್ ಬ್ರ್ಯುಶೆ 1980ರ ದಶಕದಲ್ಲಿ ಸಣ್ಣ ಕಾರ್ಯಾಗಾರದಲ್ಲಿ, ಮೊದಲು ತನ್ನ ಹೆಸರಿನಲ್ಲಿ, ಆಮೇಲೆ ಮತ್ತೆ ಡಾರ್ನ್ ಹೆಸರಿನಲ್ಲಿ, ಬೆರಳೆಣಿಕೆಯಷ್ಟು ಕೋವಿಗಳನ್ನು ಮಾಡುತ್ತ ಬಂದ.

ಹಾಗಾಗಿ ಇಂದು ಕೈಗೆ ಸಿಗುವ ಡಾರ್ನ್ ಬಹುಮಟ್ಟಿಗೆ ಹಳೆಯದೇ, ಮತ್ತು ಹಳೆಯ ಫ್ರೆಂಚ್ ಕೋವಿಯನ್ನು ಪರೀಕ್ಷಿಸುವವರು ಮೊದಲು ನೋಡಬೇಕಾದದ್ದು ಚೇಂಬರಿನ ಉದ್ದ. ಎರಡನೆಯ ಮಹಾಯುದ್ಧಕ್ಕೆ ಮುಂಚಿನವು ಸಾಮಾನ್ಯವಾಗಿ 65 ಮಿಲಿಮೀಟರಿನವು. ಇಂದಿನ 70 ಮಿಲಿಮೀಟರಿನ ತೋಟಾ ಅದರೊಳಗೆ ಹೊಕ್ಕು ಬ್ರೀಚೂ ಮುಚ್ಚಿಕೊಳ್ಳುತ್ತದೆ, ಮೋಸವಿರುವುದು ಅಲ್ಲಿಯೇ. ತೋಟಾದ ಮೇಲೆ ಬರೆದಿರುವ ಉದ್ದ ಸಿಡಿದು ಬಾಯಿ ಬಿಚ್ಚಿಕೊಂಡ ಮೇಲಿನದು, ಮಡಿಕೆ ಹಾಕಿದ ಹೊಸ ತೋಟಾ ಅದಕ್ಕಿಂತ ಗಿಡ್ಡ. ಸಿಡಿದಾಗ ಮಡಿಕೆ ಬಿಚ್ಚಲು ಜಾಗವಿಲ್ಲದೆ, ನಳಿಗೆ ಕಿರಿದಾಗುವ ಇಳುಕಲಿನೊಳಗೆ ಚಾಚಿ, ಚರೆ ಹೊರಡುವ ದಾರಿಯನ್ನು ಬಿಗಿಗೊಳಿಸಿ ಒತ್ತಡವನ್ನು ಏರಿಸುತ್ತದೆ. ಬ್ರೀಚು ಎಷ್ಟೇ ಗಟ್ಟಿಯಿದ್ದರೂ ತೆಳು ನಳಿಗೆಗೆ ಆ ಏರಿಕೆ ಒಳ್ಳೆಯದಲ್ಲ. ಎರಡನೆಯದು ಪರೀಕ್ಷಾ ಮುದ್ರೆ, ಅಂದರೆ ಹೆಚ್ಚಿನ ಒತ್ತಡದ ಈಡಿಗೆ ಒಡ್ಡಿ ನಳಿಗೆಯ ಗಟ್ಟಿತನ ನೋಡಿದ್ದಕ್ಕೆ ಒತ್ತಿದ ಗುರುತು. ನಳಿಗೆಯ ಬುಡದಲ್ಲಿ, ಬಿಚ್ಚಿದಾಗ ಮಾತ್ರ ಕಾಣುವ ಜಾಗದಲ್ಲಿ, ಸೇಂತ್-ಎತಿಯೆನ್ ಪರೀಕ್ಷಾಗೃಹದ ಕಿರೀಟವಿರುವ ಮುದ್ರೆಗಳಿರುತ್ತವೆ. ಕಿರೀಟದ ಕೆಳಗೆ 'ಪಿ.ಟಿ.' ಎಂಬ ಅಕ್ಷರಗಳಿದ್ದರೆ ಅದು ಹೊಗೆರಹಿತ ಮದ್ದಿನಿಂದ ಪರೀಕ್ಷಿಸಲ್ಪಟ್ಟದ್ದು. 1885ರ ಕಾನೂನು ಪರೀಕ್ಷೆಯನ್ನು ತಯಾರಕರ ಇಚ್ಛೆಗೆ ಬಿಟ್ಟಿತ್ತು. ಆದರೂ ಡಾರ್ನ್ ತನ್ನ ಕೋವಿಗಳನ್ನು ಸಾಮಾನ್ಯಕ್ಕಿಂತ ಕಠಿಣವಾದ ಪರೀಕ್ಷೆಗೆ ಒಡ್ಡಿ ಅದನ್ನೇ ಜಾಹೀರಾತಿನಲ್ಲಿ ಸಾರಿಕೊಂಡಿತು. ಗಟ್ಟಿ ಉಕ್ಕಿನ ಚರೆ ಈ ನಳಿಗೆಗಳ ಕಾಲದಲ್ಲಿ ಇರಲೇ ಇಲ್ಲ, ಅದನ್ನು ಇವುಗಳಲ್ಲಿ ಹಾರಿಸಬಾರದು.

ಮೂರನೆಯದು ಸನ್ನೆಯ ನಡವಳಿಕೆ. ತೋಟಾವಿಲ್ಲದ ಕೋವಿಯ ಬ್ರೀಚನ್ನು ಮೆಲ್ಲಗೆ ಮುಂದಕ್ಕೆ ದೂಡಿದಾಗ ಹಳಿಯ ಮೇಲೆ ತಡೆಯಿಲ್ಲದೆ ಓಡಬೇಕು. ಸನ್ನೆ ಕೆಳಗಿಳಿಯುವ ಕೊನೆಯ ಹಂತದಲ್ಲಿ ಮಾತ್ರ ಬಿಗಿ ತಿಳಿಯಬೇಕು. ಆ ಬಿಗಿಯೇ ಇಲ್ಲದೆ ಸನ್ನೆ ಪೊಳ್ಳಾಗಿ ಬಿದ್ದರೆ ಅಗುಳಿ ಮಿತಿ ಮೀರಿ ಸವೆದಿದೆ ಎಂದರ್ಥ. ಮೊದಲಿನಿಂದಲೇ ಬಿಗಿಯಾಗಿ ಉಜ್ಜಿಕೊಂಡು ಓಡಿದರೆ ಹೆಚ್ಚಿನ ಸಲ ದೋಷ ಕೋವಿಯದಲ್ಲ, ಹಳಿಯಲ್ಲಿ ಕೂತು ಗಟ್ಟಿಯಾದ ಹಳೆಯ ಎಣ್ಣೆಯದು. ಬಟ್ಟೆಯಿಂದ ಒರೆಸಿ, ಒಂದೆರಡು ತೊಟ್ಟು ತೆಳು ಎಣ್ಣೆ ಬಿಟ್ಟು, ಬ್ರೀಚನ್ನು ಕೆಲವು ಸಲ ಓಡಾಡಿಸಿದರೆ ಬಿಡಿಸಿಕೊಳ್ಳುತ್ತದೆ.